ನೀಲಗಂಗಾ ಬರೆದು ಕಳಿಸಿದ ನಂಬರುಗಳು

ಕುಂದಗೋಳದ ಜಹೀರುದ್ದೀನ ಹದಿನೆಂಟು ವರ್ಷ ಫೋಟೋ ತೆಗೆದ ಮನುಷ್ಯ. ವಿಡಿಯೋ ಕ್ಯಾಮರಾ ಅವನ ಹೆಗಲೇರಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಎಂಬತ್ತೇಳನೆಯ ಇಸವಿಯ ವೈಶಾಖದಲ್ಲಿ ಯರಗುಪ್ಪಿಯ ಶಂಕ್ರಪ್ಪನ ಮಗಳು ನೀಲಗಂಗಾಳ ಮದುವೆಯ ವಿಡಿಯೋ ತೆಗೆಯಲು ಹೋದಾಗಲೂ ಅವನ ಕೈ ಫೋಟೋದವನ ಕೈಯೇ ಆಗಿತ್ತು. ತಾಳಿ ಕಟ್ಟುವಾಗ, ಹಾರ ಹಾಕುವಾಗ, ಅಕ್ಕಿಕಾಳು ಬೀಳುವಾಗ ಮೈಯೆಲ್ಲ ಎಚ್ಚರ. ನಡುವಿನ ಹೊತ್ತಿನಲ್ಲಿ ಎಷ್ಟೋ ಸಲ ಕ್ಯಾಮರಾ ಬಂದ್ ಮಾಡುವುದನ್ನೇ ಮರೆತು, ಅದನ್ನು ಕಂಕುಳಲ್ಲಿ ಇರುಕಿಕೊಂಡು ಊಟದ ಪಂಕ್ತಿ, ಹಿತ್ತಲು, ದನದ ಕೊಟ್ಟಿಗೆ ಎಲ್ಲ ಸುತ್ತಿದ್ದ. ಮೂರು ತಾಸಿನ ಕ್ಯಾಸೆಟ್ಟು ತುಂಬಿತ್ತು ನಿಜ, ಅದರಲ್ಲಿ ಮದುವೆ ಅನ್ನುವಂಥದ್ದು ಅರ್ಧ. ಉಳಿದದ್ದಕ್ಕೆ ಅವನು ಇಟ್ಟ ಹೆಸರು ಕಸ.

ಕಸ ತೆಗೆಯುವುದಕ್ಕೆ ಅವನ ಅಂಗಡಿಯ ಒಳಕೋಣೆಯಲ್ಲಿ ಎರಡು ವಿಡಿಯೋ ಮಷೀನುಗಳಿದ್ದವು. ಒಂದರಲ್ಲಿ ಮೂಲ ಕ್ಯಾಸೆಟ್ಟು ಓಡಿಸುವುದು, ಬೇಕಾದ ತುಣುಕು ಬಂದಾಗ ಇನ್ನೊಂದರಲ್ಲಿ ಖಾಲಿ ಕ್ಯಾಸೆಟ್ಟಿಗೆ ತುಂಬಿಸುವುದು. ಯಾವ ತುಣುಕು ಎಲ್ಲಿದೆ ಎಂದು ಹುಡುಕಲು ಮಷೀನಿನ ಮುಖದ ಮೇಲೆ ನಾಲ್ಕಂಕಿಯ ನಂಬರು ತಿರುಗುತ್ತಿತ್ತು. ಟೇಪು ಮುಂದೆ ಓಡಿದಂತೆ ಅದೂ ಏರುತ್ತಿತ್ತು.

ಗಂಡನ ಮನೆಗೆ ನವಲಗುಂದಕ್ಕೆ ಹೊರಟಿದ್ದ ನೀಲಗಂಗಾಳ ಕೈಗೆ ಅವನೇ ಮೂಲ ಕ್ಯಾಸೆಟ್ಟು ಕೊಟ್ಟ.

"ಅಲ್ಲಿ ಯಾರದರೇ ಮನ್ಯಾಗ ಮಷೀನ್ ಇದ್ರ ಪೂರಾ ನೋಡ್ರಿ ತಂಗೆವ್ವ. ನಿಮಗ ಯಾವ್ಯಾವ ಭಾಗ ಬೇಕು, ಮಷೀನ್ ಮ್ಯಾಲಿನ ನಂಬರ್ ಅಷ್ಟ ಬರದು ಕಳಸ್ರಿ. ಇಲ್ಲಿಂದ ಇಲ್ಲೀತನಕ ಅಂತ. ಬ್ಯಾರೆ ಏನೂ ಬರಿಯೂದು ಬ್ಯಾಡ. ನಾ ಕೂಡಿಸಿ ಕೊಡತೇನಿ."

"ನಂಬರ್ ಅಷ್ಟ ಸಾಕೇನ್ರಿ?" ಎಂದು ಅವಳು ಎರಡು ಸಲ ಕೇಳಿದಳು. ಸಾಕು ಅಂದ.

ಇಪ್ಪತ್ತು ದಿನಕ್ಕೆ ಕ್ಯಾಸೆಟ್ಟು ಶಂಕ್ರಪ್ಪನ ಅಳಿಯನ ಕೈಯಲ್ಲಿ ವಾಪಸು ಬಂತು. ಜೊತೆಗೆ ನೋಟುಬುಕ್ಕಿನ ಒಂದು ಹಾಳೆ. ಅದರಲ್ಲಿ ದುಂಡನೆಯ ಅಕ್ಷರದಲ್ಲಿ ಏಳು ಸಾಲು. 1150ರಿಂದ 1185. 1520ರಿಂದ 1540. 2040ರಿಂದ 2090. ಹೀಗೆ ಏಳು. ಅದರ ಕೆಳಗೆ 'ಟೇಪ್ ಮುಗಿದಾಗ 6420' ಎಂದಿತ್ತು. ಎಲ್ಲಕ್ಕಿಂತ ಕೆಳಗೆ, 'ಇದು ನಮ್ಮ ಅತ್ತಿಗೆ ತೋರಿಸಲಿಕ್ಕೆ. ಪಂಚಮಿಗೆ ಬರುತ್ತೇನೆ, ಅಷ್ಟರಲ್ಲಿ ಮಾಡಿರಿ.'

ಅತ್ತಿ ಅಂದರೆ ಶಂಕ್ರಪ್ಪನ ಅಕ್ಕ ಗೌರಕ್ಕ. ಮದುವೆಯಾಗಿ ಐದು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ಅವಳು ಬಂದ ಎರಡನೆಯ ವರ್ಷ ತಮ್ಮನ ಹೆಂಡತಿ ತೀರಿಕೊಂಡಳು. ಆಗ ನೀಲಗಂಗಾಗೆ ಇನ್ನೂ ಹಾಲುಹಲ್ಲು. ಅಂದಿನಿಂದ ಆ ಕೂಸಿನ ತಲೆ ಬಾಚಿದವಳು, ಜ್ವರ ಬಂದಾಗ ಎದ್ದು ಕುಳಿತವಳು, ಕುಂದಗೋಳದ ಕಾಲೇಜಿನ ಬಸ್ಸಿಗೆ ಬುತ್ತಿ ಕಟ್ಟಿ ಕಳಿಸಿದವಳು ಗೌರಕ್ಕನೇ.

ಜಹೀರುದ್ದೀನ ಕ್ಯಾಸೆಟ್ಟು ಹಾಕಿ 1150ಕ್ಕೆ ಓಡಿಸಿ ನಿಲ್ಲಿಸಿದ. ಬೀಗರು ಚಹಾ ಕುಡಿಯುತ್ತಿದ್ದರು. 1520ಕ್ಕೆ ಬ್ಯಾಂಡಿನವರು ಬೆವರು ಒರೆಸಿಕೊಳ್ಳುತ್ತಿದ್ದರು. ಟೇಪು ಕಡೆತನಕ ಓಡಿಸಿದರೆ ಅವನ ಮಷೀನು 5136ಕ್ಕೇ ನಿಂತುಬಿಟ್ಟಿತು. ಪಟ್ಟಿಯ ಕೊನೆಯ ಸಾಲಿನ ನಂಬರು ಅವನ ಮಷೀನಿನಲ್ಲಿ ಇರಲೇ ಇಲ್ಲ.

ಎಲ್ಲ ಮಷೀನುಗಳೂ ಒಂದೇ ಲೆಕ್ಕ ಎಣಿಸುತ್ತವೆ ಎಂದು ಅವನು ತಿಳಿದಿದ್ದ. ಗಡಿಯಾರ ಎಲ್ಲ ಊರಲ್ಲೂ ಒಂದೇ ಅಲ್ಲವೇ, ಹಾಗೆ. ನವಲಗುಂದದ ಮನೆಯಲ್ಲಿ ಫೋನ್ ಇರಲಿಲ್ಲ; ಆ ಮಷೀನನ್ನೇ ತರಿಸೋಣವೆಂದರೆ, ಅಳಿಯ ಹೇಳಿದಂತೆ ಅವರು ಅದನ್ನು ತಂದಿದ್ದು ಗೆಳೆಯರೊಬ್ಬರ ಮನೆಯಿಂದ, ಆ ಗೆಳೆಯರು ಅದನ್ನು ತಗೊಂಡು ಬೆಳಗಾವಿಗೆ ವರ್ಗವಾಗಿ ಹೋಗಿದ್ದರು.

ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಪ್ರಭಂಜನ ಮಾಸ್ತರರು ದಿನಾ ಸಂಜೆ ಮನೆಗೆ ಹೋಗುವಾಗ ಅವನ ಅಂಗಡಿ ಕಟ್ಟೆಗೆ ಕೂತು ಪೇಪರು ಓದುವವರು. ಅವನು ಹಾಳೆ ತಂದು ಮುಂದಿಟ್ಟ. ಮಾಸ್ತರರು ಕನ್ನಡಕ ಏರಿಸಿ ನೋಡಿದರು.

"ಆ ಮಷೀನ ಎಲ್ಲಿಗೆ ಮುಗೀತದ? ಆರು ಸಾವಿರದಾ ನಾಕ್ನೂರಾ ಇಪ್ಪತ್ತು. ನಿಂದು?"

"ಐದು ಸಾವಿರದಾ ನೂರಾ ಮೂವತ್ತಾರ್ರಿ."

ಮಾಸ್ತರರು ಪೇಪರಿನ ಅಂಚಿಗೇ ಭಾಗಾಕಾರ ಮಾಡಿದರು. "ಅಗದಿ ಸೋಪಾ, ಸರಳ ಅದ ಜಹೀರ. ಅದು ಐದು ಎಣಿಸೂದ್ರಾಗ ನಿಂದು ನಾಕು ಎಣಸ್ತದ. ಆಕೀ ಬರದದ್ದನ್ನ ನಾಕರಿಂದ ಗುಣಿಸು, ಐದರಿಂದ ಭಾಗಿಸು. ಸಾವಿರದಾ ನೂರಾ ಐವತ್ತು ಅಂದ್ರ ನಿನಗ ಒಂಬೈನೂರಾ ಇಪ್ಪತ್ತು. ತ್ರೈರಾಶಿ ಮರತೇನು?"

ಏಳೂ ಸಾಲಿಗೆ ಮಾಸ್ತರರೇ ಹೊಸ ನಂಬರು ಬರೆದುಕೊಟ್ಟರು. ಜಹೀರುದ್ದೀನ ಸಂತೋಷದಿಂದ ಒಳಗೆ ಹೋಗಿ 920ಕ್ಕೆ ನಿಲ್ಲಿಸಿದ. ಹಿತ್ತಲ ಬಾಗಿಲು ಕಂಡಿತು, ಅದೂ ಓರೆಯಾಗಿ. ಯಾರದೋ ಸೆರಗು, ಯಾರದೋ ಮೊಣಕೈ. 1632ಕ್ಕೆ ಊಟದ ಪಂಕ್ತಿ, ಸಾರು ಬಡಿಸುವವನ ಬೆನ್ನು. 2640ಕ್ಕೆ ಕೊಟ್ಟಿಗೆಯ ಗೋಡೆ, ಎರಡು ಕೋಳಿ. ಏಳಕ್ಕೆ ಏಳೂ ಅವನು ಕಸ ಅಂದ ಜಾಗಗಳೇ.

"ಮಾಸ್ತರ, ಲೆಕ್ಕ ಎಲ್ಲೋ ತಪ್ಪೇತ್ರಿ."

"ಲೆಕ್ಕ ತಪ್ಪಿಲ್ಲ. ಮೊದಲನೇದು ತಪ್ಪಿದ್ರ ತಪ್ಪು ಅನ್ನಬಹುದು. ಏಳೂ ಒಂದ ನಮೂನಿ ತಪ್ಪಾಗ್ತಾವೇನೋ?"

"ಹಂಗಾದ್ರ ಮದಿವಿ ಬಿಟ್ಟು ಕೊಟ್ಟಿಗಿ ಕೇಳ್ಯಾಳೇನ್ರಿ ಆಕಿ?"

ಮಾಸ್ತರರು ಪೇಪರು ಮಡಿಸಿ ಮನೆಗೆ ಎದ್ದರು. ಜಹೀರುದ್ದೀನ ತಾನೇ ಒಂದು ತೀರ್ಮಾನಕ್ಕೆ ಬಂದ. ಮಷೀನಿನ ಬೆಲ್ಟು ಸಡಿಲ ಇದ್ದೀತು, ಬರೆಯುವಾಗ ಹುಡುಗಿ ಗಡಿಬಿಡಿ ಮಾಡಿದ್ದಾಳು. ಏಳು ತುಣುಕು ಬೇಕಂತೆ, ಮನೆಯ ಹಿರಿಯಳಿಗೆ ತೋರಿಸಲಿಕ್ಕಂತೆ. ಹಿರಿಯಳಿಗೆ ಏನು ಬೇಕು ಅನ್ನುವುದು ತನಗೆ ಗೊತ್ತಿಲ್ಲವೇ? ಅರಿಶಿಣ, ದೇವರ ಕಾರ್ಯ, ಹಾರ, ತಾಳಿ, ಅಕ್ಕಿಕಾಳು, ಬೀಗರ ಸನ್ಮಾನ, ಹೆಣ್ಣು ಒಪ್ಪಿಸುವುದು. ಏಳಕ್ಕೆ ಏಳು ಸರಿಹೋಯಿತು. ಮೂರು ದಿನ ಕೂತು ಶ್ರದ್ಧೆಯಿಂದ ಜೋಡಿಸಿದ, ನಡುನಡುವೆ ಶಹನಾಯಿ ಹಾಕಿದ. ತನ್ನ ಕೆಲಸ ತಾನೇ ನೋಡಿ ಮೆಚ್ಚಿಕೊಂಡ.

ಪಂಚಮಿಗೆ ನೀಲಗಂಗಾ ತವರಿಗೆ ಬಂದಳು. ಶಂಕ್ರಪ್ಪ ಟ್ರ್ಯಾಕ್ಟರ್ ಕಳಿಸಿ ಜಹೀರುದ್ದೀನನನ್ನು, ಹಾಸಿಗೆಯಲ್ಲಿ ಸುತ್ತಿದ ಅವನ ಟೀವಿ ಮತ್ತು ಒಂದು ಮಷೀನಿನ ಸಮೇತ, ಯರಗುಪ್ಪಿಗೆ ಕರೆಸಿಕೊಂಡ. ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಕೂತರು. ಗೌರಕ್ಕನನ್ನು ನೀಲಗಂಗಾ ಕೈಹಿಡಿದು ಎಳೆತಂದು ಟೀವಿಯ ಎದುರಿಗೇ ಕೂರಿಸಿ, ತಾನು ಬಾಜೂಕ ಕೂತಳು.

ಕ್ಯಾಸೆಟ್ಟು ಓಡಿತು. ತಾಳಿ, ಹಾರ, ಶಹನಾಯಿ. ಮೊದಮೊದಲು ನೀಲಗಂಗಾಳ ಮುಖದಲ್ಲಿ ಏನೋ ಕಾಯುವ ಕಳೆಯಿತ್ತು. ಅರಿಶಿಣ ಮುಗಿದು ಹಾರ ಬಂದಾಗ ಅದು ಕಡಿಮೆಯಾಯಿತು, ತಾಳಿ ಬಂದಾಗ ಪೂರ್ತಿ ಹೋಯಿತು. ಮುಗಿದ ಮೇಲೆ ಗೌರಕ್ಕ ಸೆರಗು ಸರಿಮಾಡಿಕೊಂಡು ಎದ್ದಳು.

"ಚಂದ ಐತವ್ವ. ಎಲ್ಲಾ ಚಂದ ಐತಿ. ಹಾಲು ಒಲಿ ಮ್ಯಾಲೆ ಇಟ್ಟು ಬಂದೇನಿ" ಎಂದು ಅಡುಗೆಮನೆಗೆ ಹೋದಳು.

ಜಹೀರುದ್ದೀನ ವೈರು ಸುತ್ತುತ್ತಿದ್ದಾಗ ನೀಲಗಂಗಾ ಬಂದು ನಿಂತಳು. ದನಿ ಸಣ್ಣದಾಗಿತ್ತು.

"ಜಹೀರಣ್ಣಾ, ನಾ ಬರದ ನಂಬರ್ ನಿಮಗ ಮುಟ್ಟಲಿಲ್ಲೇನ್ರಿ?"

"ಮುಟ್ಟ್ಯಾವ ತಂಗೆವ್ವ. ಆದ್ರ ಆ ಮಷೀನ್ ಬ್ಯಾರೆ, ನಮ್ಮ ಮಷೀನ್ ಬ್ಯಾರೆ. ನಂಬರ್ ಹೊಂದಲಿಲ್ಲ. ಮಾಸ್ತರ ಕಡೆ ಲೆಕ್ಕಾನೂ ಮಾಡಿಸಿದ್ನಿ. ಎಲ್ಲಿ ನಿಲ್ಲಿಸಿದ್ರೂ ಹಿತ್ತಲಾ, ಕೊಟ್ಟಿಗಿ, ಊಟದ ಪಂಕ್ತಿ. ಬರೇ ಕಸಾನ ಬರತಿತ್ತು."

"ನನಗ ಬೇಕಾದದ್ದು ಹಿತ್ತಲಾನ ಇತ್ರಿ."

ಅವನು ವೈರು ಬಿಟ್ಟು ಅವಳ ಮುಖ ನೋಡಿದ.

"ಅತ್ತಿ ಮದಿವಿ ದಿನಾ ಹಂದರದ ಕೆಳಗ ಒಮ್ಮಿನೂ ಬರಲಿಲ್ರಿ" ಎಂದಳು ನೀಲಗಂಗಾ. "ಗಂಡ ಇಲ್ಲದಾಕಿ ಅಂತ ತಾನ ಹಿಂದ ಉಳದ್ಲು. ನಾ ಹೋಗೂ ಮುಂದ ಬಂದು, 'ನಿನ್ನ ಮದಿವ್ಯಾಗ ನಾ ಇರಲೇ ಇಲ್ಲ ನೋಡವ್ವಾ' ಅಂತ ನಕ್ಕೋತ ಅಂದ್ಲು. ಆ ಮಾತು ನನಗ ಚುಚ್ಚಿ ಉಳೀತು. ನವಲಗುಂದದಾಗ ಕ್ಯಾಸೆಟ್ ಹಾಕಿದಾಗ ಎಲ್ಲಾರೂ ಮುಂದ ಇದ್ದದ್ದು ನೋಡಿದ್ರು. ನಾ ಹಿಂದ ಇದ್ದದ್ದು ನೋಡಿದ್ನಿ. ಏಳು ಕಡೆ ಅತ್ತಿ ಅದಾಳ. ಒಂದ್ಸಲ ಕಿಡಿಕ್ಯಾಗ, ಒಂದ್ಸಲ ಬಾಗಲ ಸಂದ್ಯಾಗ. ನೀ ಇದ್ದಿ, ನೋಡಿಲ್ಲೆ, ಅಂತ ತೋರಸಬೇಕಾಗಿತ್ತು. ಅಷ್ಟ."

"ಮತ್ತ ಅದನ್ನ ಹಾಳ್ಯಾಗ ಒಂದು ಮಾತು ಬರದಿದ್ರ..."

"ನಂಬರ್ ಅಷ್ಟ ಸಾಕು ಅಂದಿದ್ರಿ. ಹಾಳಿ ಅವ್ರ ಕೈಯಾಗ ಕಳಸಬೇಕಿತ್ತು. ಅಪ್ಪನ ಕಣ್ಣಿಗೂ ಬೀಳತಿತ್ತು. ಅಪ್ಪಗ ಬ್ಯಾಸರಾಗತಿತ್ತಲ್ರಿ."

ಜಹೀರುದ್ದೀನನ ಮನಸ್ಸು ಆಗಲೇ ಬೇರೊಂದು ಕಡೆ ಓಡಿತ್ತು. ಕಸವೇ ತುಂಬಿದ್ದ ಆ ಮೂಲ ಕ್ಯಾಸೆಟ್ಟನ್ನು, ಕೆಲಸ ಮುಗಿಯಿತಲ್ಲ ಎಂದು, ಹದಿನೈದು ದಿನದ ಹಿಂದೆ ಕುಬಿಹಾಳದ ಒಂದು ಗೃಹಪ್ರವೇಶಕ್ಕೆ ಅವನು ಕ್ಯಾಮರಾದಲ್ಲಿ ಹಾಕಿಕೊಂಡು ಹೋಗಿದ್ದ. ಅದರ ಮೇಲೆಯೇ ತೆಗೆದಿದ್ದ. ಎಷ್ಟು ಹೊತ್ತು ತೆಗೆದಿದ್ದೆ ಅನ್ನುವುದು ನೆನಪಿಗೆ ಬರಲಿಲ್ಲ.

"ನೀವು ಯಾವತ್ತು ಹೋಗಾವ್ರು?"

"ಸೋಮಾರ."

"ಅದರೊಳಗ ಬರತೇನಿ" ಎಂದಷ್ಟೇ ಹೇಳಿ, ಟೀವಿ ಮಷೀನು ಅಲ್ಲೇ ಬಿಟ್ಟು, ಸಿಕ್ಕ ಬಸ್ಸಿಗೆ ಕುಂದಗೋಳಕ್ಕೆ ಹೋದ.

ಒಂದು ಮಷೀನು ಯರಗುಪ್ಪಿಯಲ್ಲಿ ಉಳಿದಿದ್ದು ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು. ಪರವಾಯಿಲ್ಲ, ನೋಡಲಿಕ್ಕೆ ಒಂದು ಸಾಕು, ಅಂಗಡಿಯಲ್ಲಿ ಹಳೆಯ ಸಣ್ಣ ಟೀವಿಯೂ ಇತ್ತು. ಅಂಗಡಿ ತೆರೆದು ಪೆಟ್ಟಿಗೆಯಿಂದ ಕ್ಯಾಸೆಟ್ಟು ತೆಗೆದು ಹಾಕಿದ. ಕುಬಿಹಾಳದ ಹೊಸ ಮನೆ, ಕುಂಬಳಕಾಯಿ, ಮಂತ್ರ ಹೇಳುವ ಐನಾರು, ಹೋಳಿಗೆ. ಮುಗಿಯಲಿ ಮುಗಿಯಲಿ ಎಂದು ನಂಬರನ್ನೇ ನೋಡುತ್ತ ಕೂತ. 920 ದಾಟಿತು. ಮೊದಲನೆಯದು ಹೋಯಿತು. 1216 ದಾಟಿತು. ಎರಡನೆಯದೂ ಹೋಯಿತು. 1400ರ ಸುಮಾರಿಗೆ ಪಟ್ಟನೆ ಪರದೆ ನಡುಗಿ ಗೆರೆ ಬಂದು, ಯರಗುಪ್ಪಿಯ ಹಂದರ ಕಂಡಿತು. ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡ.

1632. ಅದೇ ಸಾರು ಬಡಿಸುವವನ ಬೆನ್ನು. ಈ ಸಲ ಅವನು ಬೆನ್ನು ನೋಡಲಿಲ್ಲ. ಪಂಕ್ತಿಯ ಹಿಂದೆ ಅಡುಗೆಮನೆಯ ಸಣ್ಣ ಕಿಟಕಿ ಇತ್ತು. ಅದರ ಸರಳಿನ ಹಿಂದೆ ಒಂದು ಮುಖ. ಹಂದರದ ಕಡೆ ಕತ್ತು ಚಾಚಿ, ಕಾಣದೆ, ತುದಿಗಾಲ ಮೇಲೆ ನಿಂತು ಮತ್ತೆ ಚಾಚಿತು.

2640ರ ಹೊತ್ತಿಗೆ ಏನಾಗಿತ್ತು ಎಂಬುದು ಅವನಿಗೆ ಈಗ ನೆನಪಾಯಿತು. ಅಕ್ಕಿಕಾಳಿನ ಮೊದಲ ಸುತ್ತು ತೆಗೆಯುವಷ್ಟರಲ್ಲಿ ಬ್ಯಾಟರಿ ಕೈಕೊಟ್ಟಿತ್ತು. ಹಿತ್ತಲಲ್ಲಿ ಪ್ಲಗ್ಗಿದೆ ಎಂದು ಓಡಿಹೋಗಿ, ವೈರು ಹಚ್ಚಿ, ಚಾಲೂ ಆಯಿತೋ ಇಲ್ಲವೋ ನೋಡಲು ಬಟನ್ ಒತ್ತಿ, ಕ್ಯಾಮರಾವನ್ನು ಹಿಟ್ಟಿನ ಚೀಲದ ಮೇಲೆ ಇಟ್ಟು ವೈರಿನ ಗಂಟು ಬಿಡಿಸುತ್ತಿದ್ದ. ಕ್ಯಾಮರಾ ತನ್ನ ಪಾಡಿಗೆ ತಾನು ಕೊಟ್ಟಿಗೆಯ ಗೋಡೆ ನೋಡುತ್ತಿತ್ತು. ಪರದೆಯ ಒಂದು ಮೂಲೆಗೆ, ಆ ಗೋಡೆಗೆ ಆತು, ಗೌರಕ್ಕ ನಿಂತಿದ್ದಳು. ಕೈಯೆಲ್ಲ ಕಣಕದ ಹಿಟ್ಟು. ಹಂದರದಿಂದ ಐನಾರ ದನಿ ಮೈಕಿನಲ್ಲಿ ಕೇಳುತ್ತಿತ್ತು. ಅವಳು ಅದನ್ನೇ ಕಿವಿಗೊಟ್ಟು ಕೇಳಿ, ಬ್ಯಾಂಡು ಮೊಳಗಿದ ಕೂಡಲೆ ಮುಚ್ಚಿದ್ದ ಎಡಗೈ ಬಿಚ್ಚಿದಳು. ಅದರಲ್ಲಿ ಅರಿಶಿಣದ ಅಕ್ಕಿ ಇತ್ತು. ಅದನ್ನು ಬಲಗೈಗೆ ತೆಗೆದುಕೊಂಡು, ಗೋಡೆಯ ಆಚೆ ಹಂದರದ ಕಡೆಗೆ, ಎತ್ತರಕ್ಕೆ ತೂರಿದಳು. ಕಾಳು ಗೋಡೆ ದಾಟಲಿಲ್ಲ. ಅಲ್ಲೇ ಅವಳ ಕಾಲ ಬುಡಕ್ಕೆ ಬಿದ್ದವು. ಎರಡು ಕೋಳಿ ಓಡಿಬಂದು ಹೆಕ್ಕತೊಡಗಿದವು. ಅವಳು ಅವನ್ನು ಓಡಿಸಲಿಲ್ಲ. ಕೈ ಮುಗಿದು, ಮತ್ತೆ ಒಳಗೆ ಹೋದಳು.

ಜಹೀರುದ್ದೀನ ಅದನ್ನು ಮೂರು ಸಲ ನೋಡಿದ. ಅವನ ತಾಯಿಯೂ ಇಂಥವಳೇ ಆಗಿದ್ದಳು, ಎಲ್ಲರ ನಿಕಾಹಕ್ಕೂ ಅಡುಗೆ ಮಾಡಿ ಹಿಂದೆ ಉಳಿದವಳು. ಅವಳದೊಂದು ಫೋಟೋ ಕೂಡ ಅವನ ಹತ್ತಿರ ಇರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಎರಡನೆಯ ಮಷೀನನ್ನೂ ತೊಡೆಯ ಮೇಲೆ ಇಟ್ಟುಕೊಂಡು ಯರಗುಪ್ಪಿಗೆ ಬಂದ. ಪಡಸಾಲೆಯಲ್ಲೇ ಎರಡೂ ಮಷೀನು ಜೋಡಿಸಿ, ಮಾಸ್ತರರ ಲೆಕ್ಕದ ಹಾಳೆ ಮುಂದಿಟ್ಟುಕೊಂಡು, ನೀಲಗಂಗಾ ಬಾಜೂಕ ಕೂತು ಹೇಳಿದಂತೆ ಐದೂ ತುಣುಕು ಕೂಡಿಸಿದ. ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ಎಲ್ಲ ಸೇರಿ ಆರು ನಿಮಿಷವೂ ಆಗಲಿಲ್ಲ. ಶಹನಾಯಿ ಹಾಕಲಿಲ್ಲ.

"ಎರಡು ಹೋದವು ತಂಗೆವ್ವ. ನನ್ನ ಕೈಯಾರ ನಾನ ಅಳಿಸೇನಿ" ಎಂದು ತಲೆ ತಗ್ಗಿಸಿ ಹೇಳಿದ. ಅವಳು, "ಇರ್ಲಿ ಬಿಡ್ರಿ. ಉಳದದ್ದು ಉಳೀತಲ್ಲ" ಎಂದಳು. ಆದರೆ ಕಣ್ಣು ತುಂಬಿದ್ದು ಅವನಿಗೆ ಕಂಡಿತು.

ಗೌರಕ್ಕನನ್ನು ಮತ್ತೆ ಕರೆತರುವುದು ಸುಲಭವಾಗಲಿಲ್ಲ. "ನಿನ್ನೆ ನೋಡೇನಲ್ಲವ್ವಾ, ಎಷ್ಟ ಸಲ ನೋಡೂದು?" ಎಂದು ರೊಟ್ಟಿ ಬಡಿಯುತ್ತಲೇ ಇದ್ದಳು. ಕಡೆಗೆ ಕೈಹಿಟ್ಟಿನ ಸಮೇತ ಬಂದು ಕೂತಳು. ಹೊಲಕ್ಕೆ ಹೊರಟಿದ್ದ ಶಂಕ್ರಪ್ಪನೂ ಬಾಗಿಲಲ್ಲಿ ನಿಂತ.

ಸಾರು ಬಡಿಸುವವನ ಬೆನ್ನು ಬಂತು.

"ಇವ ಯಾರ?" ಎಂದಳು ಗೌರಕ್ಕ.

"ಅವನ್ನ ಬಿಡ ಅತ್ತಿ. ಕಿಡಿಕಿ ನೋಡು."

ಗೌರಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಹತ್ತಿದ ಕೂಡಲೆ ಹಿಟ್ಟಿನ ಕೈ ಬಾಯಿಗೆ ಹೋಯಿತು.

"ಅಯ್ಯ ಶಿವನ! ಕಳ್ಳಿ ಹಂಗ ನಿಂತೇನಲ್ಲ! ತೆಗೀರೋ ಅದನ್ನ, ಯಾರರ ನೋಡ್ಯಾರು!"

ನೀಲಗಂಗಾ ನಕ್ಕಳು, ಗೌರಕ್ಕನೂ ನಕ್ಕಳು. ಮುಂದಿನ ತುಣುಕಿನಲ್ಲಿ ಅವಳು ಬಾಗಿಲ ಸಂದಿಯಿಂದ ಯಾವುದೋ ಹುಡುಗನಿಗೆ ತಾಟು ಕೊಡುತ್ತ, ಕಣ್ಣು ಮಾತ್ರ ಹೊರಗೆ ನೆಟ್ಟಿದ್ದಳು. ಆಮೇಲೆ ಕೊಟ್ಟಿಗೆಯ ಗೋಡೆ ಬಂತು. ಐನಾರ ದನಿ ಬಂತು. ಗೌರಕ್ಕನ ನಗು ನಿಂತಿತು. ಕಾಳು ತೂರಿದ್ದು, ಕೋಳಿ ಹೆಕ್ಕಿದ್ದು, ಕೈ ಮುಗಿದದ್ದು ಎಲ್ಲವನ್ನೂ ಅವಳು ಅಲ್ಲಾಡದೆ ನೋಡಿದಳು.

"ಇದನ್ನ ಯಾರೂ ನೋಡಿಲ್ಲ ಅಂತ ಮಾಡಿದ್ನಿ" ಎಂದಳು ಮೆಲ್ಲಗೆ.

"ನಾ ನೋಡೇನಿ" ಎಂದಳು ನೀಲಗಂಗಾ. "ನಿನ್ನ ಅಕ್ಕಿಕಾಳು ನನಗ ಮುಟ್ಟ್ಯಾವು ಅತ್ತಿ. ನವಲಗುಂದದಾಗ ಮುಟ್ಟಿದ್ವು."

ಗೌರಕ್ಕ ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ಹಿಟ್ಟು ಕೂದಲಿಗೆಲ್ಲ ಹತ್ತಿತು. ಕ್ಯಾಸೆಟ್ಟು ಮುಗಿದು ಪರದೆ ಬರೀ ಬೆಳ್ಳಗೆ ಕುಣಿಯುತ್ತಿದ್ದರೂ ಅದನ್ನು ಬಂದ್ ಮಾಡಲು ಜಹೀರುದ್ದೀನ ಏಳಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಶಂಕ್ರಪ್ಪ ಒಳಗೆ ಬಂದ. ಅವನ ದನಿ ಗಡುಸಾಗಿತ್ತು, ಅಳು ಬಂದಾಗ ಅವನ ದನಿ ಹಾಗೇ ಆಗುತ್ತಿತ್ತು.

"ಅಕ್ಕಾ, ಹಿಂದ ಉಳಿ ಅಂತ ನಿನಗ ಯಾರು ಹೇಳಿದ್ರ?"

"ಯಾರೂ ಹೇಳಿಲ್ಲೋ ಶಂಕ್ರ್ಯಾ" ಎಂದಳು ಗೌರಕ್ಕ. ಕೈಯ ಹಿಟ್ಟು ಉದುರಿಸಿಕೊಳ್ಳುತ್ತ, "ಬಾ ಅಂತನೂ ಯಾರೂ ಅನ್ನಲಿಲ್ಲ" ಎಂದಳು. ಅದರಲ್ಲಿ ದೂರು ಇರಲಿಲ್ಲ. ಆಗಿದ್ದನ್ನು ಆದಂತೆ ಹೇಳಿದ್ದಳು.

ಶಂಕ್ರಪ್ಪ ಕಂಬಕ್ಕೆ ಆತು ನೆಲಕ್ಕೆ ಕೂತ. ಮದುವೆಯ ದಿನವೆಲ್ಲ ಅವನು ಮುನ್ನೂರು ಮಂದಿಯನ್ನು ಕೈ ಮುಗಿದು ಕರೆದಿದ್ದ, ಕೂತವರನ್ನು ಎಬ್ಬಿಸಿ ಮುಂದಿನ ಸಾಲಿಗೆ ಕೂರಿಸಿದ್ದ. ಹಿತ್ತಲಿಗೆ ಹೋಗಿ ಒಂದು ಮಾತು ಕರೆಯಬೇಕು ಎಂದು ಅವನಿಗೆ ಹೊಳೆದಿರಲೇ ಇಲ್ಲ. ಹೊಳೆಯಲಿಲ್ಲವಲ್ಲ ಎಂಬುದೇ ಈಗ ಅವನನ್ನು ಹಿಂಡಿತು.

"ಎರಡು ಹೋದವು ಅಂತ ಒಳಗ ಕೇಳಿಸ್ತು, ಅದರಾಗ ಏನಿತ್ತವ್ವಾ?" ಎಂದು ಗೌರಕ್ಕನೇ ಮಾತು ಬದಲಿಸಿದಳು.

"ಒಂದರಾಗ ನನ್ನ ಜಂಪರದ ಹುಕ್ಕು ಹರದಿತ್ತಲ್ಲ, ಹಿತ್ತಲ ಬಾಗಲದಾಗ ನಿಲ್ಲಿಸಿಕೊಂಡು ಹೊಲದಿ. ದಾರಾ ಹಲ್ಲಿಲೆ ಕಡದಿ. ಇನ್ನೊಂದರಾಗ ನನ್ನ ದೃಷ್ಟಿ ತಗದು ನೆಟಿಗಿ ಮುರದಿ."

"ಅವು ನನಗ ನೆನಪ ಅದಾವಲ್ಲ" ಎಂದು ಗೌರಕ್ಕ ಜಹೀರುದ್ದೀನನ ಕಡೆ ತಿರುಗಿದಳು. "ಅದಕ್ಯಾಕ ಮಾರಿ ಸಣ್ಣದು ಮಾಡೀಯೋ ತಮ್ಮಾ? ಏಳು, ರೊಟ್ಟಿ ತಿನ್ನು. ಪಂಚಮಿ ಉಂಡಿನೂ ಅದಾವು."

ಮರುದಿನ ಸೋಮವಾರ. ಬೆಳಿಗ್ಗೆ ಮಗಳನ್ನು ಗಂಡನ ಮನೆಗೆ ಬಿಟ್ಟು ಬರುವವರು ಯಾರು ಎಂಬ ಮಾತು ಬಂತು. ಮುತ್ತೈದೆ ಹೋಗುವ ಕೆಲಸ ಅದು, ಓಣಿಯ ಸಾವಕ್ಕನಿಗೆ ಹೇಳಿಯೂ ಆಗಿತ್ತು. ಶಂಕ್ರಪ್ಪ ಸ್ನಾನ ಮಾಡಿ ಬಂದವನು, ವಿಭೂತಿ ಹಚ್ಚಿಕೊಳ್ಳುತ್ತಲೇ ಅಂದ, "ಸಾವಕ್ಕಗ ಬ್ಯಾಡ ಅಂತ ಹೇಳೇನಿ. ಅಕ್ಕಾ, ನೀ ಹೋಗು."

"ನಾನ? ಮಂದಿ ಏನಂದಾರೋ?"

"ಏನರೇ ಅನ್ನಲಿ. ಸಣ್ಣಾಕಿ ಇದ್ದಾಗಿಂದ ಸಾಕಿದಾಕಿ ನೀನು. ನಾ ಈಗ ಬಾಯಿಬಿಟ್ಟು ಕರ್ಯಾಕತ್ತೇನಿ. ಹೋಗಬೇಕು."

ಗೌರಕ್ಕ ಬೇಡ ಬೇಡ ಎನ್ನುತ್ತಲೇ ಪೆಟ್ಟಿಗೆ ತೆರೆದಳು. ನಾಲ್ಕು ವರ್ಷದಿಂದ ಮಡಿಸಿಟ್ಟಿದ್ದ ಇಳಕಲ್ ಸೀರೆ ಹೊರಗೆ ಬಂತು.

ಟೀವಿ, ಮಷೀನುಗಳ ಜೊತೆ ಜಹೀರುದ್ದೀನನೂ ಅದೇ ಬಸ್ಸಿಗೆ ಹೊರಟಿದ್ದ. ಉಂಡಿಯ ಬುಟ್ಟಿಯನ್ನು ಅವನೇ ಮೇಲಿಟ್ಟ. ಬಸ್ಸು ಹೊರಡುವಾಗ ಶಂಕ್ರಪ್ಪ ಕೆಳಗೆ ನಿಂತಿದ್ದ, ಏನೋ ಹೇಳಬೇಕೆಂದು ಬಾಯಿ ತೆರೆದ. ಗೌರಕ್ಕ ಅವನಿಗೆ ಹೊತ್ತೇ ಕೊಡಲಿಲ್ಲ.

"ಎಮ್ಮಿ ಹಿಂಡಾಕ ಸಾವಕ್ಕ ಬರತಾಳ. ನೀ ಅದರ ಹತ್ರ ಹೋಗಬ್ಯಾಡ, ಒದೀತತಿ. ಮಸರು ನೆಲುವಿನ್ಯಾಗ ಐತಿ. ನಾ ನಾಕ ದಿನಾ ಬರಾಂಗಿಲ್ಲ ನೋಡು!"

"ಎಂಟ ದಿನಾ ಇರು" ಎಂದು ಶಂಕ್ರಪ್ಪ ಕೂಗಿದ. ಬಸ್ಸು ಅಷ್ಟರಲ್ಲಿ ಕರಿಮಣ್ಣಿನ ರಸ್ತೆಗೆ ತಿರುಗಿತ್ತು.